ಎಲ್ರಿಗೂ ಒಂದೇ ದಿನ ತಲುಪೋ ನೋಟ್ಸ್ ಮಾಡಿದ್ದು: ನನ್ನ ಅನುಭವ

ನಾನು ಜೀವಶಾಸ್ತ್ರ ಪಾಠ ಮಾಡ್ತೀನಿ. ಮೊದಲೆಲ್ಲ ಪುಸ್ತಕದ ಪುಟ ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಿಬಿಡ್ತಿದ್ದೆ. ಕಣ್ಣು ಕಾಣದ ಒಬ್ಬ ಹುಡುಗ ಬಂದು "ಮೇಡಂ, ಸ್ಕ್ರೀನ್ ರೀಡರ್ ಇದ್ರಲ್ಲಿ ಏನೂ ಓದ್ತಿಲ್ಲ" ಅಂದಾಗ್ಲೇ ಗೊತ್ತಾಗಿದ್ದು, ಸ್ಕ್ಯಾನ್ ಅಂದ್ರೆ ಬರೀ ಫೋಟೋ, ಪರದೆ ಮೇಲಿನ ಅಕ್ಷರಾನ ಗಟ್ಟಿಯಾಗಿ ಓದಿ ಹೇಳೋ ಆ ಸಾಫ್ಟ್‌ವೇರ್‌ಗೆ ಅದ್ರಲ್ಲಿ ಅಕ್ಷರಾನೇ ಸಿಗಲ್ಲ ಅಂತ. ಅಲ್ಲೀವರೆಗೂ ಅವನು ಪಕ್ಕದವರ ಹತ್ರ ಓದಿಸ್ಕೊಳ್ತಿದ್ದ, ಕೇಳಿ ತುಂಬಾ ಸಂಕಟ ಆಯ್ತು.

ಅವನೊಬ್ಬನಿಗೇ ಬೇರೆ ನೋಟ್ಸ್ ಮಾಡೋಕೆ ಶುರು ಮಾಡ್ದೆ, ಆದ್ರೆ ಪ್ರತಿ ಸಲ ಅವನಿಗೆ ಉಳಿದವರಿಗಿಂತ ಎರಡು ದಿನ ತಡವಾಗಿ ಸಿಗ್ತಿತ್ತು. ಆಗ ಯೂನಿವರ್ಸಲ್ ಡಿಸೈನ್ ಬಗ್ಗೆ ಓದಿದೆ. ರಾನ್ ಮೇಸ್ ಅನ್ನೋ ಆರ್ಕಿಟೆಕ್ಟ್, ಸ್ವತಃ ವೀಲ್‌ಚೇರ್ ಬಳಸ್ತಿದ್ದವರು, ಕಟ್ಟಡಗಳನ್ನ ಮೊದಲೇ ಎಲ್ರಿಗೂ ಆಗೋ ಹಾಗೆ ಕಟ್ಟಬೇಕು ಅಂತ ಹೇಳಿದ್ರು, 1984ರಲ್ಲಿ ಅಮೆರಿಕದಲ್ಲಿ ಶುರುವಾದ ಕಾಸ್ಟ್ (CAST) ಅನ್ನೋ ಸಂಸ್ಥೆ ಅದೇ ಯೋಚನೇನ ಕಲಿಕೆಗೆ ತಂತು: ಆಸಕ್ತಿ ಹುಟ್ಟಿಸೋಕೆ, ವಿಷಯ ತಲುಪಿಸೋಕೆ, ಕಲಿತಿದ್ದನ್ನ ತೋರಿಸೋಕೆ, ಮೂರಕ್ಕೂ ಒಂದಕ್ಕಿಂತ ಹೆಚ್ಚು ದಾರಿ ಇಡಿ ಅಂತ.

ನಾನು ನೋಟ್ಸ್ ಪೂರ್ತಿ ಟೈಪ್ ಮಾಡ್ದೆ, ಹೆಡಿಂಗ್‌ಗಳಿಗೆ ಹೆಡಿಂಗ್ ಸ್ಟೈಲ್ ಹಾಕ್ದೆ (ಬರೀ ದಪ್ಪಕ್ಷರ ಮಾಡಿದ್ರೆ ಸ್ಕ್ರೀನ್ ರೀಡರ್‌ಗೆ ಅದು ಹೆಡಿಂಗ್ ಅಂತ ಗೊತ್ತಾಗಲ್ಲ), ಅಕ್ಷರ ಮತ್ತು ಹಿನ್ನೆಲೆ ನಡುವೆ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) 4.5:1ಕ್ಕಿಂತ ಕಮ್ಮಿ ಇಲ್ದಂಗೆ ನೋಡ್ಕೊಂಡೆ. ಚಿತ್ರಗಳಿಗೆ ವಿವರಣೆ ಬರೆಯೋದೇ ಕಷ್ಟ. "ಹೃದಯದ ಚಿತ್ರ" ಅಂತ ಬರೆದ್ರೆ ಯಾರಿಗೆ ಏನು ಸಿಗತ್ತೆ? ರಕ್ತ ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಅಂತ ಒಂದೊಂದೇ ಹೆಜ್ಜೆ ಬರೀತಾ ಹೋದಾಗ ನನ್ನ ಚಿತ್ರದಲ್ಲಿ ಬರೀ ಕೆಂಪು ನೀಲಿ ಬಣ್ಣದ ಮೇಲೆ ಎಲ್ಲಾ ನಿಂತಿದೆ, ಕಪ್ಪು ಬಿಳುಪು ಪ್ರಿಂಟಲ್ಲಿ ಎರಡೂ ಒಂದೇ ಥರ ಬೂದಿ ಅಂತ ಕಂಡಿತು, ಬಾಣಗಳ ಮೇಲೆ ಹೆಸರು ಬರೆದೆ. ಆ ವಿವರಣೇನ ಕಣ್ಣು ಚೆನ್ನಾಗಿರೋ ಮಕ್ಕಳೂ ಪರೀಕ್ಷೆಗೆ ಓದ್ಕೊಂಡ್ರು.

ನಿಜವಾಗ್ಲೂ ಯೋಚನೆಗೆ ಹಚ್ಚಿದ್ದು ಪರೀಕ್ಷೆ. "ಹೃದಯದ ಚಿತ್ರ ಬರೆದು ಭಾಗ ಗುರುತಿಸಿ" ಅಂತ ಕೇಳ್ತಿದ್ದೆ, ಆದ್ರೆ ನನಗೆ ಬೇಕಿದ್ದಿದ್ದು ರಕ್ತ ಹರಿಯೋ ದಾರಿ ಅವರಿಗೆ ಅರ್ಥ ಆಗಿದ್ಯಾ ಅನ್ನೋದು, ಕೈ ಚಳಕ ಅಲ್ಲ. ಈಗ ಚಿತ್ರ ಬರೀಬಹುದು, ಬರಹದಲ್ಲಿ ಹೇಳಬಹುದು, ವಾಯ್ಸ್ ರೆಕಾರ್ಡ್ ಮಾಡಬಹುದು, ಮಣ್ಣಲ್ಲಿ ಮಾಡಿ ತೋರಿಸಬಹುದು, ಅಂಕ ಕೊಡೋ ಅಂಶ ಮಾತ್ರ ಎಲ್ರಿಗೂ ಒಂದೇ: ನಾಲ್ಕು ಕೋಣೆ, ಕವಾಟ, ಹರಿಯೋ ಕ್ರಮ. ಮೈಕ್ರೋಸ್ಕೋಪ್ ಸ್ಲೈಡ್ ತಯಾರಿಸೋದನ್ನೇ ಕಲಿಸೋ ದಿನ ಹೀಗೆ ಬಿಡಲ್ಲ, ಅಲ್ಲಿ ಆ ಕೆಲಸಾನೇ ಕಲಿಕೆ, ಬೇಕಾದ ಸಹಾಯ ಕೊಡ್ತೀನಿ ಅಷ್ಟೇ.

ಪಾಠದ ವಿಡಿಯೋಗಳ ಕ್ಯಾಪ್ಷನ್ (ಮಾತು ಪರದೆ ಮೇಲೆ ಅಕ್ಷರವಾಗಿ ಬರೋದು) ಈಗ್ಲೂ ಕೈಯಲ್ಲೇ ತಿದ್ದಬೇಕು, ತಾನಾಗೇ ಬರೋದ್ರಲ್ಲಿ ವೈಜ್ಞಾನಿಕ ಪದಗಳೆಲ್ಲ ಕೆಟ್ಟೋಗಿರ್ತವೆ. ಅದಕ್ಕೇ ವಿಡಿಯೋಗಳನ್ನೇ ಚಿಕ್ಕದು ಮಾಡ್ಕೊಂಡಿದೀನಿ.