ಟೇಪ್ ಡ್ರೈವ್ ಹಾಕಿದ ಕೂಡಲೇ ಡಿಸ್ಕ್ ಕಾಣದೆ ಹೋದರೆ

ಚಿಕ್ಕಮಗಳೂರು ಕಡೆ ಯಾವುದಾದರೂ ಎಸ್ಟೇಟ್ ಆಫೀಸಿನಿಂದ ಫೋನ್ ಬಂತು ಅಂದ್ರೆ ಕಥೆ ಹೆಚ್ಚುಕಡಿಮೆ ಒಂದೇ. ಹಳೇ ಲೆಕ್ಕ ಡಿಡಿಎಸ್ ಟೇಪಿನಲ್ಲಿದೆ (ಸಣ್ಣ ಕ್ಯಾಸೆಟ್ ತರದ ಬ್ಯಾಕಪ್ ಟೇಪ್), ಗೋಡೌನಿನಿಂದ ಹಳೇ ವರ್ಕ್‌ಸ್ಟೇಷನ್ ತಂದು ಅದರ ಸ್ಕಸಿ ಕೇಬಲಿಗೆ (ಡಿಸ್ಕ್, ಟೇಪ್ ಎಲ್ಲಾ ಒಂದೇ ಸಾಲಿನಲ್ಲಿ ಕಟ್ಟುವ ಹಳೇ ವ್ಯವಸ್ಥೆ) ಟೇಪ್ ಡ್ರೈವ್ ಸಿಕ್ಕಿಸಿದ್ದಾರೆ, ಈಗ ಟೇಪೂ ಇಲ್ಲ, ಡಿಸ್ಕೂ ಇಲ್ಲ. "ಡ್ರೈವ್ ಹೋಗಿದೆ ಸಾರ್" ಅಂತಾರೆ. ಬಹಳ ಸಲ ಹೋಗಿರೋದಿಲ್ಲ.

ಮೊದಲು ಕಾರ್ಟ್ರಿಜ್ ಹೊರಗಿಡಿ, ಇರೋದೊಂದೇ ಕಾಪಿ ಅಲ್ವಾ. ಅದರ ಅಂಚಿನ ಸಣ್ಣ ಟ್ಯಾಬ್ ಸರಿಸಿ ಕಿಂಡಿ ತೆರೆದಿಟ್ಟರೆ ಯಾರೂ ತಪ್ಪಿ ಅದರ ಮೇಲೆ ಬರೆಯೋಕಾಗಲ್ಲ. ಕೇಬಲ್ ಮುಟ್ಟುವ ಮೊದಲು ಪವರ್ ಆಫ್. ಯುಎಸ್‌ಬಿ ತರ ಆನ್ ಇರುವಾಗಲೇ ಕಿತ್ತು ಹಾಕುವ ವಸ್ತು ಅಲ್ಲ ಇದು.

ಆಮೇಲೆ ಐಡಿ, ಅಂದ್ರೆ ಆ ಸಾಲಿನಲ್ಲಿ ಪ್ರತಿ ಡಿವೈಸಿನ ನಂಬರ್, ನೋಡಿ. ನ್ಯಾರೋ (50 ಪಿನ್ನಿನ) ಸ್ಕಸಿಯಲ್ಲಿ 0ಯಿಂದ 7ರ ತನಕ ಎಂಟೇ ಐಡಿ, ಅದರಲ್ಲಿ 7 ಸಾಮಾನ್ಯವಾಗಿ ಸಾಲನ್ನು ನಡೆಸುವ ಕಂಟ್ರೋಲರ್ ಕಾರ್ಡಿನದ್ದು. ಡ್ರೈವ್ ಹಿಂದೆ ಐಡಿ ಹೊಂದಿಸೋಕೆ ಮೂರು ಜಂಪರ್ (ಪಿನ್ನಿಗೆ ಹಾಕುವ ಸಣ್ಣ ಕ್ಯಾಪ್) ಇರುತ್ತವೆ, ಬೆಲೆ 1, 2, 4. ಮೊದಲನೆಯದು, ಎರಡನೆಯದು ಹಾಕಿದರೆ ಐಡಿ 3. ಎರಡು ಡಿವೈಸಿಗೆ ಒಂದೇ ಐಡಿ ಬಿದ್ದರೆ ಒಂದು ಮಾಯ, ಇಲ್ಲವೇ ಬಸ್ಸೇ, ಅಂದ್ರೆ ಇಡೀ ಸಾಲೇ, ಹ್ಯಾಂಗ್. ಬೂಟ್ ಆಗುವಾಗ ಕಾರ್ಡ್ ತೋರಿಸುವ ಪಟ್ಟಿಯಲ್ಲಿ ಒಂದೇ ಟೇಪ್ ಡ್ರೈವ್ 0, 1, 2 ಅಂತ ಎಲ್ಲಾ ಐಡಿಯಲ್ಲೂ ಸಾಲಾಗಿ ಕಂಡರೆ ಗಾಬರಿ ಬೇಡ, ಡ್ರೈವಿನ ಐಡಿ ಕಾರ್ಡಿನ ಐಡಿಗೇ ಬಿದ್ದಿದೆ ಅಷ್ಟೇ. ಪಿಸಿಯಲ್ಲಿ ಬೂಟ್ ಡಿಸ್ಕ್ 0, ಟೇಪ್ 4 ಇಟ್ಟುಕೊಳ್ಳಿ. ಸನ್ ಕಂಪನಿಯ ಹಳೇ ಸ್ಪಾರ್ಕ್ ಮಷೀನಿನಲ್ಲಿ ಮಾತ್ರ ಬೂಟ್ ಡಿಸ್ಕ್ ರೂಢಿಯಂತೆ 3, ಅದಕ್ಕೆ ಟೇಪ್ ಹಾಕಬೇಡಿ.

ಐಡಿ ಸರಿಯಿದ್ದೂ ಕೈಕೊಟ್ಟರೆ ಟರ್ಮಿನೇಷನ್ (ಕೇಬಲ್ ತುದಿಯಲ್ಲಿ ಸಿಗ್ನಲ್ ವಾಪಸ್ ಬರದಂತೆ ತಡೆಯೋದು) ಮೇಲೇ ನನ್ನ ಅನುಮಾನ. ಕೇಬಲಿನ ಎರಡು ತುದಿಯಲ್ಲಿ ಒಂದೊಂದು ಟರ್ಮಿನೇಟರ್ ಇರಬೇಕು, ನಡುವೆ ಎಲ್ಲೂ ಇರಬಾರದು. ಒಳಗೆ ಡಿಸ್ಕ್, ಹೊರಗೆ ಟೇಪ್ ಪೆಟ್ಟಿಗೆ ಹಾಕಿದಾಗ ಕಾರ್ಡ್ ನಡುವೆ ಬರುತ್ತದೆ. ಆಗ ಕಾರ್ಡಿನ ಟರ್ಮಿನೇಷನ್ ಆಫ್ ಮಾಡಬೇಕು. ಕಾರ್ಡ್ ಅಡಾಪ್ಟೆಕ್ 2940 ಆದರೆ ಬೂಟ್ ಆಗುವಾಗ ಕಂಟ್ರೋಲ್-ಎ ಒತ್ತಿದರೆ ಸೆಟ್ಟಿಂಗ್ ಸಿಗುತ್ತದೆ. ಜನ ಮರೆಯೋದು ಇನ್ನೊಂದು: 68 ಪಿನ್ನಿನ ವೈಡ್ ಕೇಬಲಿನ ತುದಿಗೆ ಅಡಾಪ್ಟರ್ ಹಾಕಿ 50 ಪಿನ್ನಿನ ಟೇಪ್ ಸಿಕ್ಕಿಸಿದರೆ, ಉಳಿದ ಮೇಲಿನ ಎಂಟು ಡೇಟಾ ಲೈನಿಗೆ ಟರ್ಮಿನೇಷನ್ ಇರುವುದಿಲ್ಲ, ಆಗ ಬೂಟ್ ಚೆನ್ನಾಗೇ ಆಗಿ, ದೊಡ್ಡ ಫೈಲ್ ಕಾಪಿ ಮಾಡುವಾಗ ಡಿಸ್ಕ್ ಟೈಮ್‌ಔಟ್ ಕೊಡೋಕೆ ಶುರು ಮಾಡಬಹುದು, ನೀವು ಸುಮ್ನೆ ಡಿಸ್ಕನ್ನು ಬೈತಾ ಕೂರ್ತೀರಿ. ಹೈ-ಬೈಟ್ (ಆ ಎಂಟು ಲೈನಿನ) ಟರ್ಮಿನೇಷನ್ ಇರುವ ಅಡಾಪ್ಟರನ್ನೇ ತನ್ನಿ.

ಎಲ್‌ವಿಡಿ (ವೇಗದ ಹೊಸ ತರದ ಸ್ಕಸಿ) ಡಿಸ್ಕುಗಳ ಸಾಲಿಗೆ ಸಿಂಗಲ್-ಎಂಡೆಡ್ (ನಿಧಾನದ ಹಳೇ ತರದ) ಟೇಪ್ ಸೇರಿಸಿದರೆ ಇಡೀ ಬಸ್ ಸಿಂಗಲ್-ಎಂಡೆಡ್ ಆಗಿಬಿಡುತ್ತದೆ. ಸೆಕೆಂಡಿಗೆ 80 ಎಂಬಿ ಓಡುತ್ತಿದ್ದದ್ದು ಹೆಚ್ಚೆಂದರೆ 40. ಕೇಬಲ್ ಉದ್ದವೂ 12 ಮೀಟರ್ ಇದ್ದದ್ದು 3 ಮೀಟರಿಗೆ ಇಳಿಯುತ್ತದೆ, ಡಿವೈಸ್ ಜಾಸ್ತಿಯಿದ್ದರೆ ಒಂದೂವರೆಗೆ. ನಾನಂತೂ ಟೇಪಿಗೆ ಬೇರೆ ಕಾರ್ಡೇ ಹಾಕ್ತೀನಿ. ಹಲವು ಡಿಸ್ಕನ್ನು ಒಂದಾಗಿ ನಡೆಸುವ ರೇಡ್ ಕಾರ್ಡಿಗೆ ಟೇಪ್ ಕಟ್ಟುವ ಆಸೆ ಬಿಡಿ.

ಐಎಸ್‌ಎ (ಹಳೇ ಪಿಸಿಯ ಕಾರ್ಡ್ ಸ್ಲಾಟ್) ಕಾಲದ ಮಷೀನ್ ಆದರೆ ಜಗಳ ಸ್ಕಸಿ ಬಸ್ಸಿನಲ್ಲೇ ಇರಬೇಕು ಅಂತಿಲ್ಲ. ಅಡಾಪ್ಟೆಕ್ 1542 ಸ್ಕಸಿ ಕಾರ್ಡ್ ಫ್ಯಾಕ್ಟರಿಯಿಂದ ಬರುವಾಗ ಪೋರ್ಟ್ 330, ಐಆರ್‌ಕ್ಯೂ 11, ಡಿಎಂಎ 5; ಮೂರೂ ಕಾರ್ಡ್ ಕಂಪ್ಯೂಟರ್ ಜೊತೆ ಮಾತಾಡುವ ದಾರಿಗಳ ನಂಬರ್, ಎರಡು ಕಾರ್ಡಿಗೆ ಒಂದೇ ಬಿದ್ದರೆ ಜಗಳ. ಸೌಂಡ್ ಬ್ಲಾಸ್ಟರ್ 16ರ ಮಿಡಿ ಪೋರ್ಟೂ 330, ಅದರ 16 ಬಿಟ್ ಡಿಎಂಎಯೂ 5! ಆಫೀಸ್ ಮಷೀನಿಗೆ ಹಾಡು ಯಾಕೆ, ಸೌಂಡ್ ಕಾರ್ಡ್ ಕಿತ್ತಿಟ್ಟು ನೋಡಿ.

ಇಷ್ಟಾದ ಮೇಲೆ ಟೇಪ್. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನಿಂದ ತೆಗೆದ ಕಾರ್ಟ್ರಿಜ್ ತಕ್ಷಣ ಹಾಕಬೇಡಿ, ಒಂದು ದಿನ ಮಷೀನಿರುವ ಒಣ ರೂಮಿನಲ್ಲೇ ಇರಲಿ. ಮೊದಲು ಬೇಡದ ಟೇಪಿನಲ್ಲಿ ಡ್ರೈವ್ ಪರೀಕ್ಷೆ ಮಾಡಿ. ಲಿನಕ್ಸಿನಲ್ಲಿ ಟೇಪ್ ಡ್ರೈವಿಗೆ ಎಸ್‌ಟಿ0 (/dev/st0) ಬದಲು ಎನ್‌ಎಸ್‌ಟಿ0 (/dev/nst0) ಅನ್ನೋ ಹೆಸರು ಬಳಸಿ, ಇಲ್ಲದಿದ್ದರೆ ಪ್ರತಿ ಕಮಾಂಡಿಗೂ ಟೇಪ್ ರಿವೈಂಡ್ ಆಗುತ್ತದೆ. ಬ್ಲಾಕ್ ಸೈಜ್ (ಟೇಪಿನಲ್ಲಿ ಬರೆದ ಒಂದೊಂದು ತುಂಡಿನ ಅಳತೆ) ಗೊತ್ತಿಲ್ಲದಿದ್ದರೆ ಎಂಟಿ (mt) ಕಮಾಂಡಿನಲ್ಲಿ ಸೆಟ್‌ಬ್ಲಾಕ್ (setblk) 0 ಕೊಟ್ಟು, ಟೇಪ್ ಓದುವ ಡಿಡಿ (dd) ಕಮಾಂಡಿಗೆ ಬ್ಲಾಕ್ ಸೈಜ್ 64ಕೆ ಕೊಡಿ. "ಮೆಮೊರಿ ಸಿಗಲಿಲ್ಲ" ಅಂತ ಎರರ್ ಬಂದರೆ ರ್‍ಯಾಮ್ ತರೋಕೆ ಹೋಗಬೇಡಿ, ಟೇಪಿನ ಬ್ಲಾಕ್ ನೀವು ಕೊಟ್ಟದ್ದಕ್ಕಿಂತ ದೊಡ್ಡದಿದೆ, 256ಕೆ ಮಾಡಿ ಮತ್ತೆ ಓಡಿಸಿ.