ಅವರೆಕಾಯಿ ಪಕ್ಕಕ್ಕಿಟ್ಟು ನೋಡಿದ ಮೂಕಿ ಚಿತ್ರ

ನಾನು ಸಿನಿಮಾ ನೋಡೋದು ಕಣ್ಣಿಂದಲ್ಲ, ಕಿವಿಯಿಂದ. ಇದು ಗೊತ್ತಾಗಿದ್ದು ಒಂದು ಸಂಜೆ ಅವರೆಕಾಯಿ ಬಿಡಿಸುವಾಗ. ಟಿವಿಯಲ್ಲಿ ‘ಮೆಟ್ರೊಪೊಲಿಸ್’ ಓಡುತ್ತಿತ್ತು. 1927ರ ಜರ್ಮನ್ ಮೂಕಿ ಚಿತ್ರ, ಎಲ್ಲರೂ ಹೊಗಳುವಂಥದ್ದು. ಒಂದು ಹಿಡಿ ಕಾಳು ಬಿಡಿಸಿ ತಲೆ ಎತ್ತಿದರೆ ಕಥೆ ಎಲ್ಲಿಗೋ ಹೋಗಿರುತ್ತಿತ್ತು. ಮಾತಿದ್ದರೆ ಕಿವಿಗಾದರೂ ಬೀಳುತ್ತಿತ್ತು, ಅಲ್ವಾ? ಅರ್ಧಕ್ಕೇ ನಿಲ್ಲಿಸಿದೆ.

ಮಾತಿಲ್ಲದ ಸಿನಿಮಾ ನನಗೆ ಹೊಸದೇನಲ್ಲ ಅಂದುಕೊಂಡಿದ್ದೆ. ಬೆಂಗಳೂರಲ್ಲೇ ತೆಗೆದ ‘ಪುಷ್ಪಕ ವಿಮಾನ’ (1987) ಎಷ್ಟು ಸಲ ನೋಡಿಲ್ಲ! ಆದರೆ ಅದರಲ್ಲಿ ಮಾತು ಮಾತ್ರ ಇಲ್ಲ, ಸದ್ದು ಬೇಕಾದಷ್ಟಿದೆ. ಮೂಕಿ ಚಿತ್ರದ ಜೊತೆ ಬರುವುದು ಸಂಗೀತ ಒಂದೇ. ಅದೂ ಈಗ ನಾವು ಕೇಳುವುದು ಎಷ್ಟೋ ಸಲ ಯಾರೋ ಆಮೇಲೆ ಸೇರಿಸಿದ್ದು. ಹಾಳು ಪಿಯಾನೊ ಒಂದನ್ನು ಮೊದಲಿಂದ ಕೊನೆವರೆಗೂ ಕುಟ್ಟಿರುತ್ತಾರೆ. ಅಂಥ ಕಾಪಿ ಸಿಕ್ಕರೆ ನಾನು ಸದ್ದು ಪೂರ್ತಿ ತೆಗೆದುಬಿಡುತ್ತೇನೆ.

ಎರಡನೇ ಸಲ ಚಿಕ್ಕದನ್ನೇ ಹುಡುಕಿದೆ. ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಒನ್ ವೀಕ್’, 1920ರದು, ಅರ್ಧ ಗಂಟೆಯೂ ಇಲ್ಲ. ಅವರೆಕಾಯಿ ಅಡುಗೆಮನೆಗೆ ಹೋಯಿತು, ಫೋನ್ ರೂಮಿಗೆ. ಅಜ್ಜಿ ಸುಮ್ನೆ ಬಂದು ಪಕ್ಕದಲ್ಲಿ ಕೂತರು. ಅವರಿಗೆ ಇಂಗ್ಲಿಷ್ ಬಾರದು. ನಡುವೆ ಬರುವ ಬರಹಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹಿಂದೆ ಜಪಾನಿನ ಥಿಯೇಟರುಗಳಲ್ಲಿ ಹೀಗೆ ಪರದೆಯ ಪಕ್ಕ ನಿಂತು ಕಥೆ ಹೇಳುವುದಕ್ಕೇ ಜನ ಇದ್ದರು. ಬೆನ್ಶಿ ಅಂತ ಅವರ ಹೆಸರು. ನನ್ನದು ಸಂಬಳ ಇಲ್ಲದ ಬೆನ್ಶಿ ಕೆಲಸ.

ಹೊಸದಾಗಿ ಮದುವೆಯಾದ ಜೋಡಿಗೆ ಬಿಡಿಭಾಗಗಳಾಗಿ ಬಂದ ಮನೆಯೊಂದು ಉಡುಗೊರೆ ಸಿಗುತ್ತದೆ. ಆ ಹುಡುಗಿ ಒಲ್ಲೆ ಅಂದಿದ್ದವನು ಪೆಟ್ಟಿಗೆಗಳ ನಂಬರ್ ಬದಲಿಸಿಬಿಡುತ್ತಾನೆ. ಎದ್ದು ನಿಂತ ಮನೆ ಸೊಟ್ಟಂಪಟ್ಟ. ಹುಡುಗಿ ಸ್ನಾನ ಮಾಡುವಾಗ ಸೋಪು ತೊಟ್ಟಿಯಿಂದಾಚೆ ಬೀಳುತ್ತದೆ. ಅವಳು ಅದಕ್ಕೆ ಬಗ್ಗಬೇಕು ಅನ್ನುವಷ್ಟರಲ್ಲಿ ಯಾರದೋ ಕೈ ಬಂದು ಕ್ಯಾಮೆರಾವನ್ನೇ ಮುಚ್ಚುತ್ತದೆ! ಅಜ್ಜಿ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಮನೆ ರೈಲು ಹಳಿ ಮೇಲೆ ಸಿಕ್ಕಿಕೊಳ್ಳುತ್ತದೆ. “ಅಯ್ಯೋ, ಬಂತಲ್ಲೇ ರೈಲು!” ಆ ರೈಲು ಪಕ್ಕದ ಹಳಿಯಲ್ಲಿ ಹೋಗುತ್ತದೆ. ಅಜ್ಜಿ ಉಸಿರು ಬಿಟ್ಟರು. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಬಂದು ಮನೆ ಪುಡಿಪುಡಿ. ಅಷ್ಟು ಹೊತ್ತೂ ನಾನು ಒಂದು ಸಲವೂ ಬೇರೆ ಕಡೆ ನೋಡಿರಲಿಲ್ಲ.

ಆಮೇಲೆ ಇನ್ನೊಂದು ಕಲಿತೆ. ಹಳೇ ಚಿತ್ರಗಳಲ್ಲಿ ಜನ ಇರುವೆಗಳ ಹಾಗೆ ಓಡಾಡೋದು ಎಷ್ಟೋ ಸಲ ಅವುಗಳ ತಪ್ಪಲ್ಲ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ 16, 18 ಫ್ರೇಮ್, ಅಂದರೆ ಬಿಡಿ ಚಿತ್ರ, ಆದರೂ ಆಯಿತು. ಅದನ್ನೇ 24ರಲ್ಲಿ ಓಡಿಸಿದರೆ ಇನ್ನೇನಾಗುತ್ತದೆ? ತೀರಾ ಅವಸರ ಅನಿಸಿದರೆ ನಾನು ವೇಗವನ್ನು 0.75ಕ್ಕೆ ಇಳಿಸುತ್ತೇನೆ. ತಟ್ಟನೆ ಮನುಷ್ಯರಾಗುತ್ತಾರೆ. ಹಾಸ್ಯದವರು ಕೆಲವು ಸಲ ಬೇಕಂತಲೇ ವೇಗ ಹೆಚ್ಚಿಸುತ್ತಿದ್ದರು, ಅಲ್ಲಿ ಕೈ ಹಾಕಬಾರದು.

‘ಮೆಟ್ರೊಪೊಲಿಸ್’ ಮತ್ತೆ ಪೂರ್ತಿ ನೋಡಿದೆ. ಆ ಕಟ್ಟಡಗಳು ಚೆನ್ನ, ಕಥೆ ಈಗಲೂ ನನಗೆ ಹಿಡಿಸಿಲ್ಲ. ನನ್ನನ್ನು ಪೂರಾ ಕೆಡವಿದ್ದು ಅದೇ 1927ರ, ನಿರ್ದೇಶಕ ಮುರ್ನಾವ್‌ನ ‘ಸನ್‌ರೈಸ್’. ಹಳ್ಳಿಯ ಗಂಡನಿಗೆ ಪಟ್ಟಣದವಳ ಸಹವಾಸ. ನಿನ್ನ ಹೆಂಡತಿ ಮುಳುಗಿ ಹೋಗಬಾರದಾ ಅಂತ ಆಕೆ ಕೇಳಿದಾಗ, ಪರದೆ ಮೇಲಿನ ಆ ಅಕ್ಷರಗಳೇ ಕೆಳಕ್ಕೆ ಇಳಿದು ಮುಳುಗುತ್ತವೆ. ದೋಣಿಯಲ್ಲಿ ಹೆಂಡತಿಯ ಮೇಲೆ ಏರಿ ಬಂದ ಗಂಡ ಕೊನೇ ಗಳಿಗೆಯಲ್ಲಿ ತಡೆದುಕೊಳ್ಳುತ್ತಾನೆ. ದಡ ಮುಟ್ಟಿದ್ದೇ ಅವಳು ಓಡಿ ಟ್ರ್ಯಾಮ್ ಹತ್ತುತ್ತಾಳೆ. ಅವನೂ ಹತ್ತುತ್ತಾನೆ. ಅವಳು ಮೂಲೆಯಲ್ಲಿ ಮುದುಡಿದ್ದಾಳೆ, ಕಿಟಕಿಯಾಚೆ ಕಾಡು ಸರಿದು ನಿಧಾನಕ್ಕೆ ಊರು ಬರುತ್ತದೆ.

ನನಗೆ ಹೇಳೋದಕ್ಕೆ ಏನೂ ಇರಲಿಲ್ಲ. ಅಜ್ಜಿಯೇ ಮೆತ್ತಗೆ ಅಂದರು, “ಇನ್ನು ಅವನ ಜೊತೆ ಹೋಗ್ಬಾರ್ದು ಕಣೇ ಅವಳು.”

ಹೋದಳು. ಅಜ್ಜಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.