ಮುಂಗೈ ಚರ್ಮದ ರಕ್ತನಾಳವನ್ನು ಅಳೆದ ಬಗೆ: ನನ್ನ ಅನುಭವ

"ಚರ್ಮದ ರಕ್ತಹರಿವು ಗಳಿಗೆಗೊಂದು ಬಣ್ಣ ತೋರುತ್ತದೆ, ಅದನ್ನು ನಂಬಿ ಪ್ರಬಂಧ ಬರೆಯಬೇಡಿ" ಎಂದು ನಮ್ಮ ವಿಭಾಗದ ಹಿರಿಯರೊಬ್ಬರು ಹೇಳಿದ್ದರು. ಸಣ್ಣ ಕರೆಂಟಿನಿಂದ ಔಷಧವನ್ನು ಮುಂಗೈ ಚರ್ಮದೊಳಕ್ಕೆ ತಳ್ಳಿ (ಇದೇ ಅಯಾಂಟೋಫೊರೆಸಿಸ್), ಅಲ್ಲಿ ರಕ್ತಹರಿವು ಎಷ್ಟು ಏರುತ್ತದೆ ಎಂದು ಲೇಸರ್ ಡಾಪ್ಲರ್ ಎಂಬ ಬೆಳಕಿನ ಉಪಕರಣದಿಂದ ಅಳೆಯುವುದು ನನ್ನ ಕೆಲಸ. ಎರಡು ವರ್ಷ ಅವರ ಮಾತೇ ಗೆದ್ದಿತು. ಈಗ ಅದೇ ಮುಂಗೈಯನ್ನು ವಾರ ಬಿಟ್ಟು ಅಳೆದರೆ ರಕ್ತನಾಳದ ಒಳಪದರದ ಮೂಲಕ ನಾಳವನ್ನು ಹಿಗ್ಗಿಸುವ ಅಸಿಟೈಲ್‌ಕೋಲಿನ್ ಔಷಧಕ್ಕೆ ಬರುವ ಪ್ರತಿಕ್ರಿಯೆಯ ವ್ಯತ್ಯಾಸ ಶೇಕಡಾ 12-13ರ ಆಸುಪಾಸಿನಲ್ಲಿದೆ. ಮೊದಲು ಅದು 40 ದಾಟುತ್ತಿತ್ತು.

ದೊಡ್ಡ ತಪ್ಪು ಕರೆಂಟಿನದು. ಪ್ರತಿಕ್ರಿಯೆ ಚೆನ್ನಾಗಿ ಕಾಣಲಿ ಎಂಬ ಆಸೆಯಿಂದ 200 ಮೈಕ್ರೋ ಆಂಪಿಯರ್ ಅನ್ನು ಒಂದೇ ಸಮನೆ ಬಿಡುತ್ತಿದ್ದೆ. ನಾಳದ ಸ್ನಾಯುವನ್ನೇ ನೇರವಾಗಿ ಸಡಿಲಿಸುವ ಇನ್ನೊಂದು ಔಷಧ ನೈಟ್ರೋಪ್ರುಸೈಡ್‌ನ ರಕ್ತಹರಿವಿನ ಗೆರೆ ಸೊಗಸಾಗಿ ಏರುತ್ತಿತ್ತು. ಒಂದು ಸಂಜೆ ಔಷಧವಿಲ್ಲದೆ ಔಷಧಕೋಶಕ್ಕೆ (ಚರ್ಮದ ಮೇಲೆ ಕೂರಿಸುವ ಪುಟ್ಟ ಬಟ್ಟಲು) ಬರೀ ಉಪ್ಪುನೀರು ತುಂಬಿ ಕ್ಯಾಥೋಡ್ (ಋಣ ವಿದ್ಯುದ್ವಾರ) ಹಚ್ಚಿದೆ. ಗೆರೆ ಮೊದಲು ಸುಮ್ಮನಿತ್ತು, ಆಮೇಲೆ ಏರತೊಡಗಿತು, ಕರೆಂಟ್ ನಿಂತ ಮೇಲೂ ಏರುತ್ತಲೇ ಹೋಯಿತು. ನಾಲ್ಕು ತಿಂಗಳಿನಿಂದ ನಾನು ಅಳೆದದ್ದರಲ್ಲಿ ಔಷಧದ ಪಾಲು ಎಷ್ಟು, ಕರೆಂಟಿನ ಪಾಲು ಎಷ್ಟು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಮಂದಿಯ ದಾಖಲೆಯನ್ನು ಪಕ್ಕಕ್ಕಿಟ್ಟೆ.

ಈಗ 100 ಮೈಕ್ರೋ ಆಂಪಿಯರ್, 20 ಸೆಕೆಂಡ್, ನಡುವೆ ಒಂದೂವರೆ ನಿಮಿಷ ಬಿಡುವು, ಹೀಗೆ ಆರೇಳು ಸಲ. ಒಂದೊಂದು ಸಲಕ್ಕೆ 2 ಮಿಲಿಕೂಲಂಬ್ ವಿದ್ಯುದಾವೇಶ. ಪಕ್ಕದ ಕೋಶದಲ್ಲಿ ಔಷಧವಿಲ್ಲದ ದ್ರಾವಣಕ್ಕೂ ಅಷ್ಟೇ ಕರೆಂಟ್ ಕೊಡುತ್ತೇನೆ. ಔಷಧ ಕರಗಿಸಲು ಬಟ್ಟಿ ಇಳಿಸಿದ ನೀರನ್ನು ಬಿಟ್ಟು ಅರ್ಧ ಶೇಕಡಾ ಉಪ್ಪುನೀರಿಗೆ ಬಂದ ಮೇಲೆ ವೋಲ್ಟೇಜ್ ಇಳಿಯಿತು, ಕ್ಯಾಥೋಡ್ ಕಡೆಯ ಹುಸಿ ಏರಿಕೆಯೂ ತಗ್ಗಿತು. ಮಲ್ಟಿಮೀಟರ್ ಹಚ್ಚಿಟ್ಟು ಪ್ರತಿ ಸಲವೂ ವೋಲ್ಟೇಜ್ ಬರೆದುಕೊಳ್ಳಿ. ಒಣ ಚರ್ಮದವರಲ್ಲಿ ಅದು ಹಾರುತ್ತದೆ. ಅಂಥವರಿಗೆ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಚರ್ಮದ ಮೇಲಿನ ಸತ್ತ ಪದರವನ್ನು ತೆಳುಮಾಡುತ್ತೇವೆ. ಎಷ್ಟು ಸಲ, ಎಷ್ಟು ಒತ್ತಿ ಎಂಬುದನ್ನು ಸದ್ಯಕ್ಕೆ ಹೇಳಲಾರೆ, ನನ್ನ ವಿದ್ಯಾರ್ಥಿನಿಯ ಪ್ರಬಂಧ ಅದರ ಮೇಲೆಯೇ ನಿಂತಿದೆ.

ಅಸಿಟೈಲ್‌ಕೋಲಿನ್ ಕ್ಲೋರೈಡ್ ಮಳೆಗಾಲದಲ್ಲಿ ಬಹಳ ಕಾಡಿತು. ತಕ್ಕಡಿಯ ಕಾಗದದ ಮೇಲೆ ಬಿಳಿ ಹರಳು ನೋಡುನೋಡುತ್ತಲೇ ಒದ್ದೆಯಾಗಿ ಅಂಟಿಕೊಳ್ಳುತ್ತಿತ್ತು. ಔಷಧವೆಂದು ತೂಗಿದ್ದರಲ್ಲಿ ನೀರೂ ಸೇರಿರುತ್ತಿತ್ತು. ಈಗ ಹೊಸ ಸೀಸೆ ಒಡೆದ ದಿನವೇ ಪೂರ್ತಿ ಕರಗಿಸಿ, ಪುಟ್ಟ ಪಾಲುಗಳಾಗಿ ಹೆಪ್ಪುಗಟ್ಟಿಸಿ ಇಡುತ್ತೇನೆ. ನೈಟ್ರೋಪ್ರುಸೈಡ್‌ಗೆ ಬೆಳಕು ಶತ್ರು. ಕೋಶದ ಮೇಲೂ ಫಾಯಿಲ್ ಸುತ್ತುತ್ತೇವೆ. ದ್ರಾವಣ ನೀಲಿಗೋ ಹಸಿರಿಗೋ ತಿರುಗಿದರೆ ಚೆಲ್ಲಿಬಿಡಿ, ದುಡ್ಡಿನ ಮುಖ ನೋಡಬೇಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಲೇಸರ್ ಡಾಪ್ಲರ್‌ನ ಫೈಬರ್ ಒಮ್ಮೆ ಮಡಚಿ ಮುರಿದು ಒಂದೂವರೆ ಲಕ್ಷದಷ್ಟು ಹೋಯಿತು. ಅಂದಿನಿಂದ ಅದನ್ನು ಗೋಡೆಯ ಕೊಕ್ಕೆಗೆ ಸಡಿಲವಾಗಿ ಸುತ್ತಿ ತೂಗುಹಾಕುತ್ತೇವೆ. ಹೊರಗಿನಿಂದ ತರಿಸುತ್ತಿದ್ದ ಔಷಧಕೋಶ ಒಂದಕ್ಕೆ ಎಂಟೊಂಬತ್ತು ಸಾವಿರ ಆಗುತ್ತಿತ್ತು. ನಮ್ಮೂರಿನ ಲೇತ್ ಅಂಗಡಿಯಲ್ಲಿ ಅಕ್ರಿಲಿಕ್‌ನಿಂದ ಮಾಡಿಸಿದ್ದಕ್ಕೆ ಸಾವಿರದೊಳಗೆ ಮುಗಿಯಿತು, ಸೋರಿಕೆಯೂ ಕಡಿಮೆ. ಆದರೆ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ನಲವತ್ತು ಸಾವಿರದ ಏಸಿ. ಕೋಣೆ 24 ಡಿಗ್ರಿಯಲ್ಲಿ ನಿಂತು, ಬಂದವರು ಅರ್ಧ ಗಂಟೆ ಮಲಗಿದ ಮೇಲೆಯೇ ಆರಂಭ. ಬೆಳಗಿನ ಕಾಫಿ ಬಿಟ್ಟು ಬರುವಂತೆ ಒಪ್ಪಿಸುವುದೇ ನಮ್ಮವರಲ್ಲಿ ಕಷ್ಟದ ಕೆಲಸ.

ಜಾಗದ ಗುರುತಿಗೆ ಹಳೆಯ ಪಾರದರ್ಶಕ ಹಾಳೆ ಸಾಕು. ಮುಂಗೈ ಮೇಲಿಟ್ಟು ಮಚ್ಚೆ, ಸಿರೆ, ಕೋಶದ ಅಂಚುಗಳನ್ನು ಪೆನ್ನಿನಿಂದ ಬರೆದಿಡುತ್ತೇವೆ. ಲೇಸರ್ ಡಾಪ್ಲರ್‌ನ ಪ್ರೋಬ್ (ಚರ್ಮಕ್ಕೆ ತಾಗಿಸುವ ತುದಿ) ನೋಡುವುದು ಸುಮಾರು ಒಂದು ಘನ ಮಿಲಿಮೀಟರ್ ಚರ್ಮವನ್ನು. ಒಂದಿಷ್ಟು ಸರಿದರೂ ಬೇರೆಯೇ ಕಥೆ. ಹಾಗಾಗಿ ಎರಡು ಜಾಗದ ಸರಾಸರಿ, ಅದನ್ನು ಸರಾಸರಿ ರಕ್ತದೊತ್ತಡದಿಂದ ಭಾಗಿಸುವುದು. ಬರೀ ಪರ್ಫ್ಯೂಷನ್ ಯೂನಿಟ್ (ಯಂತ್ರ ತೋರಿಸುವ ರಕ್ತಹರಿವಿನ ಅಂಕಿ) ಕೊಟ್ಟವರ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ನಡುವೆ ಮೂವರ ಮೇಲೆ ಮರಗಟ್ಟಿಸುವ ಮುಲಾಮು ಹಚ್ಚಿ ನೋಡಿದೆ. ಉಪ್ಪುನೀರಿನ ಏರಿಕೆ ಬಹುಪಾಲು ಮಾಯವಾಯಿತು, ಅಸಿಟೈಲ್‌ಕೋಲಿನ್‌ನದು ಹೆಚ್ಚು ಕದಲಲಿಲ್ಲ. ಹುಸಿ ಏರಿಕೆಯಲ್ಲಿ ನರದ ಕೈವಾಡವಿದೆ ಎಂಬ ನನ್ನ ಅನುಮಾನ ಅಂದಿನಿಂದ ಗಟ್ಟಿಯಾಯಿತು. ಮೂರೇ ಜನ, ಮುಂದುವರಿಸಬೇಕು.

ಕಳೆದ ತಿಂಗಳು ಆ ಹಿರಿಯರೇ ಬಂದು ತಮ್ಮ ಕೈಯನ್ನು ಚಾಚಿದರು. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿ, ತಮ್ಮ ಮಧುಮೇಹದ ಹೊರರೋಗಿಗಳಲ್ಲಿ ಹತ್ತು ಜನರನ್ನು ಮುಂದಿನ ವಾರವೇ ಕಳುಹಿಸುತ್ತೇನೆ ಎಂದರು.